ಮಾವಿನಕೆರೆಗೆ ಬೆನ್ನು ಕೊಟ್ಟ ಮನೆಯಿಂದ ಒಂದು ಬಹಿರಂಗ ಪತ್ರ

ರಾಯಚೂರು ನಗರದ ಆಡಳಿತ ನೋಡಿಕೊಳ್ಳುವ ಹಿರಿಯರಿಗೆ, ಕೆರೆಯ ನಕ್ಷೆ ಬರೆಯುವ ಇಂಜಿನಿಯರರಿಗೆ, ಮತ್ತು ಮಾವಿನಕೆರೆಯ ಸುತ್ತ ನನ್ನ ಹಾಗೇ ಮನೆ ಕಟ್ಟಿಕೊಂಡು ಕೂತಿರುವ ನೆರೆಹೊರೆಯವರಿಗೆ –

ಮಾನ್ಯರೇ, ನಮಸ್ಕಾರ.

ಹೋದ ವಾರ ಚಹಾ ಅಂಗಡಿಯಲ್ಲಿ ಮತ್ತೆ ಅದೇ ಮಾತು. ಮಾವಿನಕೆರೆಗೆ ಈ ಸಲ ಪಕ್ಕಾ ಕಾಯಕಲ್ಪವಂತೆ. ಸುತ್ತಲೂ ವಾಕಿಂಗ್ ಟ್ರ್ಯಾಕು, ಬಣ್ಣದ ಕಾರಂಜಿ, ಬೋಟು, ಫೋಟೊ ಹೊಡೆಸಿಕೊಳ್ಳಲು ಊರ ಹೆಸರಿನ ಹೊಳೆಯುವ ಅಕ್ಷರಗಳು. ಅಂಗಡಿಯವನು ಚಹಾ ಸೋಸುತ್ತಲೇ "ಲಂಡನ್ ಆಗ್ತೈತ್ರಿ ಸರ, ನೋಡ್ತಿರ್ರಿ" ಅಂದ. ನಾನು ಲಂಡನ್ನಿಗೆ ಹೋಗಿಬಂದದ್ದು ಅವನಿಗೆ ಗೊತ್ತು, ಅದಕ್ಕೇ ಒಂದು ಸಾಕ್ಷಿ ಬೇಕೆನ್ನುವ ಹಾಗೆ ನನ್ನ ಮುಖ ನೋಡಿದ. ನಾನು ನಕ್ಕು ಸುಮ್ಮನಾದೆ. ಸುಮ್ಮನಾಗಬಾರದಿತ್ತು ಅಂತ ರಾತ್ರಿ ಮಲಗಿದ ಮೇಲೆ ಅನ್ನಿಸಿತು.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ಸರ್ಕಾರಿ ಹೈಸ್ಕೂಲಿನಲ್ಲಿ 31 ವರ್ಷ ಭೂಗೋಳ ಹೇಳಿಕೊಟ್ಟು ನಿವೃತ್ತನಾದವ. ನಮ್ಮಪ್ಪ ರಾಜೇಂದ್ರ ಗಂಜಿನಲ್ಲಿ ಹಮಾಲಿ. ಹತ್ತಿ, ಶೇಂಗಾ, ಭತ್ತದ ಚೀಲ ಹೊತ್ತೂ ಹೊತ್ತೂ ಅವನ ಬಲಭುಜ ಎಡಭುಜಕ್ಕಿಂತ ತುಸು ಕೆಳಗೆ ಇಳಿದಿತ್ತು. ಆ ದುಡಿಮೆಯಲ್ಲೇ ಕೆರೆಯ ಅಂಚಿನ ಓಣಿಯಲ್ಲಿ ಎರಡು ಅಂಕಣದ ಮನೆ ಎಬ್ಬಿಸಿದ. ಕೆರೆ ಕಡೆ ಜಾಗಾ ಅಗ್ಗ ಇತ್ತು. ಯಾಕೆ ಅಗ್ಗ ಅಂತ ಯಾರೂ ಕೇಳಲಿಲ್ಲ.

ನಮ್ಮ ಮನೆಯ ಮುಂಬಾಗಿಲು ಓಣಿಗೆ, ಹಿತ್ತಲು ಕೆರೆಗೆ. ಅಕ್ಕಪಕ್ಕದ ಮನೆಗಳದ್ದೂ ಅದೇ ಕತೆ. ಹಿತ್ತಲ ಗೋಡೆಯಿಂದ ನಾಲ್ಕಿಂಚಿನ ಪೈಪೊಂದು ಹೊರಗೆ ತಲೆ ಹಾಕಿದೆ. ಮೊದಲು ಬಚ್ಚಲ ನೀರಿಗೆ ಅಂತ ಹಾಕಿಸಿದ್ದು. ಆಮೇಲೆ ಪಾಯಖಾನೆ ಕಟ್ಟಿಸಿದೆವು, ಅದರ ಗುಂಡಿ ತುಂಬಿ ಉಕ್ಕಿದ್ದೂ ಅದೇ ದಾರಿ ಹಿಡಿಯಿತು. ಇದು ಭೂಗೋಳದ ಮೇಷ್ಟ್ರ ಮನೆ ಸ್ವಾಮಿ. ಕರಿಹಲಗೆಯ ಮೇಲೆ ಜಲಚಕ್ರದ ಚಿತ್ರ ಬಿಡಿಸಿ, ಮೋಡದಿಂದ ಕೆರೆಗೆ ನೀಟಾಗಿ ಬಾಣ ಹಾಕುತ್ತಿದ್ದವನ ಮನೆ.

ನಾನು ಸಣ್ಣವನಿದ್ದಾಗ ನಮ್ಮವ್ವ ಶ್ರಾವಣಕ್ಕೆ ಮುಂಚೆ ಮನೆಯ ಕೌದಿಗಳನ್ನೆಲ್ಲ ಗಂಟು ಕಟ್ಟಿ, ನನ್ನ ತಲೆ ಮೇಲೊಂದು ತನ್ನ ತಲೆ ಮೇಲೊಂದು ಹೊರಿಸಿಕೊಂಡು ಕೆರೆಯ ದಂಡೆಗೆ ಹೋಗುತ್ತಿದ್ದಳು. ಒದ್ದೆ ಕೌದಿ ಎಷ್ಟು ಭಾರ ಅಂತ ಗೊತ್ತಿದ್ದವರಿಗೆ ಗೊತ್ತು. ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು. ಬಂಡೆಯ ಮೇಲೆ ಹರವಿದರೆ ನಮ್ಮೂರ ಬಿಸಿಲಿಗೆ ಎರಡು ತಾಸಿನಲ್ಲಿ ಗರಿಗರಿ. ಅವತ್ತು ರಾತ್ರಿ ಕೌದಿ ಹೊದ್ದರೆ ನೀರಿನ ವಾಸನೆ. ಈಗ ಅದೇ ದಂಡೆಯ ಮೇಲೆ ನಡೆಯುವಾಗ ಮೂಗಿಗೆ ಕರವಸ್ತ್ರ ಹಿಡಿಯುತ್ತೇನೆ, ಆ ವಾಸನೆಯಲ್ಲಿ ನನ್ನ ಮನೆಯ ಪಾಲೂ ಇದೆ.

ಇನ್ನು ಲಂಡನ್ ವಿಷಯ. 2023ರ ಬೇಸಿಗೆಯಲ್ಲಿ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದೆ. ಅವಳು ಅಲ್ಲಿ ನರ್ಸು, ಪೂರ್ವ ಲಂಡನ್ನಿನ ಪಾಪ್ಲರ್ ಎನ್ನುವ ಕಡೆ ಬಾಡಿಗೆ ಮನೆ. ಅವಳು ಡ್ಯೂಟಿಗೆ ಹೋದರೆ ನನಗೆ ಕಾಲು ಮತ್ತು ಸಮಯ ಎರಡೂ ಖಾಲಿ. ಹತ್ತು ಹದಿನೈದು ನಿಮಿಷ ನಡೆದರೆ ಗಾಜಿನ ಗೋಪುರಗಳ ಕ್ಯಾನರಿ ವಾರ್ಫ್. ಒಂದು ಕಾಲಕ್ಕೆ ಜಗತ್ತಿನ ಸರಕೆಲ್ಲ ಇಳಿಯುತ್ತಿದ್ದ ಹಡಗುಕಟ್ಟೆಗಳ ಜಾಗ ಅದು. 1802ರಲ್ಲಿ ತೆರೆದ ವೆಸ್ಟ್ ಇಂಡಿಯಾ ಡಾಕ್ಸ್‌ನ ಹಳೆಯ ಸಕ್ಕರೆ ಗೋದಾಮನ್ನು 2003ರಿಂದ ಮ್ಯೂಸಿಯಂ ಮಾಡಿದ್ದಾರೆ. ಅದರ ಎದುರು ಗುಲಾಮರನ್ನು ದುಡಿಸಿಕೊಂಡ ವ್ಯಾಪಾರಿಯೊಬ್ಬನ ಪ್ರತಿಮೆ ಇತ್ತಂತೆ, 2020ರಲ್ಲಿ ಇಳಿಸಿದ್ದಾರೆ. ಪ್ರತಿಮೆ ನಿಲ್ಲಿಸುವುದರಲ್ಲಿ ನಾವು ಗಟ್ಟಿಗರು, ಇಳಿಸುವುದನ್ನು ನಾನು ಕಂಡಿರಲಿಲ್ಲ.

ಆ ಮ್ಯೂಸಿಯಂನ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನನ್ನ ಕಾಲು ನಿಂತುಬಿಟ್ಟವು. ಒಳಗಿದ್ದದ್ದು ಚೀಲಕ್ಕೆ ಸಿಕ್ಕಿಸಿ ಎಳೆಯುವ ಕಬ್ಬಿಣದ ಕೊಕ್ಕೆ, ಮರದ ಹಿಡಿ. ನಮ್ಮಪ್ಪನ ಕೊಕ್ಕೆ ಇವತ್ತಿಗೂ ನಮ್ಮ ಅಟ್ಟದ ಮೇಲಿದೆ, ಅದೇ ಬಾಗು, ಅದೇ ಹಿಡಿ. ಅಲ್ಲಿಯ ಹಮಾಲರೂ ಬೆಳಿಗ್ಗೆ ಗೇಟಿನ ಮುಂದೆ ಗುಂಪಾಗಿ ನಿಂತು, ಮೇಸ್ತ್ರಿ ಕೈ ಮಾಡಿ ಕರೆದರೆ ಕೂಲಿ, ಇಲ್ಲದಿದ್ದರೆ ಬರಿಗೈ ಅಂತ ಬದುಕಿದವರು. 1889ರಲ್ಲಿ ತಾಸಿಗೆ ಆರು ಪೆನ್ನಿ ಕೊಡಿ ಅಂತ ಮುಷ್ಕರ ಹೂಡಿ ಗೆದ್ದರು. ಆಮೇಲೆ ಅವರನ್ನು ಸೋಲಿಸಿದ್ದು ಒಂದು ಪೆಟ್ಟಿಗೆ. 1956ರಲ್ಲಿ ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಒಂದು ಹಡಗು 58 ಕಂಟೇನರು ಹೊತ್ತು ಹೋಯಿತು, ಅಲ್ಲಿಂದ ಜಗತ್ತಿನ ಬಂದರುಗಳೆಲ್ಲ ತಲೆಕೆಳಗಾದವು. ನೂರಾರು ಮಂದಿ ದಿನಗಟ್ಟಲೆ ಇಳಿಸುತ್ತಿದ್ದ ಸರಕನ್ನು ಒಂದು ಕ್ರೇನು ತಾಸುಗಳಲ್ಲಿ ಇಳಿಸತೊಡಗಿತು. ದೊಡ್ಡ ಹಡಗುಗಳಿಗೆ ಊರೊಳಗಿನ ಡಾಕು ಸಾಲದಾಗಿ ನದಿಯ ಕೆಳಭಾಗದ ಟಿಲ್ಬರಿಯಲ್ಲೇ ನಿಂತವು. 1967ರಲ್ಲಿ ಈಸ್ಟ್ ಇಂಡಿಯಾ ಡಾಕ್ಸ್ ಮುಚ್ಚಿತು, 1981ಕ್ಕೆ ಕೊನೆಯ ರಾಯಲ್ ಡಾಕ್ಸ್ ಕೂಡ.

ಅದೇ 1981ರಲ್ಲಿ ಸರ್ಕಾರ ಆ ಹಾಳುಬಿದ್ದ ದಂಡೆಗಾಗಿ ಒಂದು ನಿಗಮ ಕಟ್ಟಿತು. ಸುಮಾರು 22 ಚದರ ಕಿಲೋಮೀಟರ್ ಜಾಗ ಅದರ ಉಸ್ತುವಾರಿಗೆ ಬಂತು, ಕಟ್ಟಡಕ್ಕೆ ಪರವಾನಗಿ ಕೊಡುವ ಅಧಿಕಾರ ಸ್ಥಳೀಯ ಕೌನ್ಸಿಲ್‌ಗಳ ಕೈಯಿಂದ ನಿಗಮದ ಕೈಗೆ ಹೋಯಿತು. 1987ರಲ್ಲಿ ಹಗುರ ರೈಲು ಬಂತು, 1991ರಲ್ಲಿ 235 ಮೀಟರ್ ಎತ್ತರದ ಗೋಪುರ ಎದ್ದಿತು, ಮರುವರ್ಷವೇ ಅದನ್ನು ಕಟ್ಟಿಸಿದ ಕಂಪನಿ ದಿವಾಳಿ ಎದ್ದಿತು. ಅಲ್ಲಿಯ ಜನ ಕೈಕಟ್ಟಿ ಕೂತಿರಲಿಲ್ಲ. 1983ರಲ್ಲಿ ರಾಯಲ್ ಡಾಕ್ಸ್ ಸುತ್ತಲಿನವರೇ ಕೂತು 'ಜನರ ಯೋಜನೆ' ಅಂತ ತಮ್ಮದೊಂದು ಯೋಜನೆ ಬರೆದರು. ಅವರು ಕೇಳಿದ್ದು ಮನೆ, ಕೆಲಸ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ. ಬಂದದ್ದು ವಿಮಾನ ನಿಲ್ದಾಣ, ಅದೂ 1987ರಲ್ಲೇ. ಒಂದು ಸಮಾರಂಭಕ್ಕೆ ಗಣ್ಯರು ಸೇರಿದಾಗ ಊರವರು ಕುರಿ ಹಿಂಡು ಮತ್ತು ಜೇನುಹುಳ ಬಿಟ್ಟು ಓಡಿಸಿದರಂತೆ. ಇದನ್ನು ಸಲಹೆಯಾಗಿ ಬರೆಯುತ್ತಿಲ್ಲ, ಆದರೆ ಓದಿದಾಗ ನಗು ತಡೆಯಲಾಗಲಿಲ್ಲ.

ಈಗ ಆ ಜಾಗ ಚೆಂದ ಇಲ್ಲ ಅಂತ ಹೇಳಲಾರೆ. ಸಂಜೆ ನೀರಿನ ಪಕ್ಕ ಬೆಂಚಿನ ಮೇಲೆ ಕೂತು ಎಷ್ಟೋ ದಿನ ಕಳೆದಿದ್ದೇನೆ. ಆದರೆ ನಮ್ಮ ಮಾವಿನಕೆರೆಗೆ ಪಾಠ ಆ ಗೋಪುರಗಳಲ್ಲಿಲ್ಲ. ಅದು ಸಿಕ್ಕಿದ್ದು ಅಲ್ಲಿಂದ ಪಶ್ಚಿಮಕ್ಕೆ, ಪಾರ್ಲಿಮೆಂಟಿನ ಹತ್ತಿರ, ಥೇಮ್ಸ್ ನದಿಯ ದಂಡೆಯ ಮೇಲೆ. ನನ್ನ ಪತ್ರದ ಜೀವಾಳ ಇಲ್ಲಿದೆ, ದಯವಿಟ್ಟು ಇಷ್ಟನ್ನಾದರೂ ನಿಧಾನವಾಗಿ ಓದಿ.

1858ರ ಬೇಸಿಗೆ. ಇಡೀ ಲಂಡನ್ನಿನ ಪಾಯಖಾನೆ ನೀರು ಥೇಮ್ಸ್‌ಗೆ ಹರಿಯುತ್ತಿದ್ದ ಕಾಲ. ಆ ವರ್ಷದ ಸೆಕೆಗೆ ನದಿ ಎಷ್ಟು ನಾರಿತೆಂದರೆ, ಪಾರ್ಲಿಮೆಂಟಿನ ಕಿಟಕಿ ಪರದೆಗಳನ್ನು ಸುಣ್ಣದ ರಾಸಾಯನಿಕದಲ್ಲಿ ಅದ್ದಿ ತೂಗುಹಾಕಿದರು. ವಾಸನೆ ಸದಸ್ಯರ ಮೂಗಿಗೆ ಬಡಿದ ಮೇಲೆ ಹಣ ಮಂಜೂರಾಯಿತು. ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಇಂಜಿನಿಯರ್ ನದಿಗೆ ಸಮಾನಾಂತರವಾಗಿ ದೊಡ್ಡ ಚರಂಡಿಗಳನ್ನು ಹಾಕಿ, ನದಿಗೆ ಬೀಳುವ ಮುನ್ನವೇ ಕೊಳೆಯನ್ನು ಹಿಡಿದು ಊರ ಪೂರ್ವಕ್ಕೆ ಸಾಗಿಸಿದ. ಮನೆಗಳೆಲ್ಲ ನದಿಯ ಕಡೆ ಇಳಿಜಾರು, ಹಾಗಾಗಿ ತೀರಾ ತಗ್ಗಿನ ಚರಂಡಿ ನದಿಯ ಅಂಚಿನಲ್ಲೇ ಹೋಗಬೇಕಾಯಿತು. ಅದಕ್ಕೆ ಜಾಗ ಮಾಡಲು ನದಿಯ ಅಂಚನ್ನೇ ಒತ್ತಿ ಗೋಡೆ ಕಟ್ಟಿದರು, ಒಳಗೆ ಚರಂಡಿ ಹಾಕಿದರು, ಪಕ್ಕದಲ್ಲಿ ರೈಲು ದಾರಿಗೂ ಸುರಂಗ ಬಿಟ್ಟರು, ಮೇಲೆ ರಸ್ತೆ ಮಾಡಿ ಮರ ನೆಟ್ಟರು. 1870ರಲ್ಲಿ ತೆರೆದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಅದೇ. ನಮ್ಮವರು ಹೋಗಿ ಸೆಲ್ಫಿ ತೆಗೆದುಕೊಂಡು ಬರುವ ಆ ನದಿದಂಡೆಯ ನಡಿಗೆದಾರಿ ಇದೆಯಲ್ಲ, ಅದು ಒಂದು ಚರಂಡಿಯ ಮಾಳಿಗೆ.

ಅಷ್ಟಾದರೂ ಕೆಲಸ ಮುಗಿಯಲಿಲ್ಲ. ಊರು ಬೆಳೆಯಿತು, 1957ರಲ್ಲಿ ಥೇಮ್ಸ್‌ನ ಒಂದು ಭಾಗ ಜೀವವೇ ಇಲ್ಲದ ನೀರು ಅಂತ ಅಲ್ಲಿಯ ವಿಜ್ಞಾನಿಗಳು ಬರೆದರು. ಕೊಳೆನೀರು ಶುದ್ಧೀಕರಿಸುವ ಘಟಕಗಳನ್ನು ದೊಡ್ಡದು ಮಾಡಿದ ಮೇಲೆ 1974ರಲ್ಲಿ ಸಾಲ್ಮನ್ ಮೀನು ಮರಳಿ ಸಿಕ್ಕಿತು. ನಾನಿದ್ದಾಗ ನದಿಯ ಕೆಳಗೆ 25 ಕಿಲೋಮೀಟರ್ ಉದ್ದದ ಮತ್ತೊಂದು ಚರಂಡಿ ಸುರಂಗದ ಕೆಲಸ ನಡೆದಿತ್ತು, 2025ರ ಫೆಬ್ರವರಿಯಲ್ಲಿ ಅದರ ಜೋಡಣೆ ಪೂರ್ತಿಯಾಯಿತು. ಖರ್ಚು 450 ಕೋಟಿ ಪೌಂಡಿನ ಆಸುಪಾಸು. ಲಂಡನ್ ಆಗಬೇಕು ಅನ್ನುವವರು ಈ ಲೆಕ್ಕವನ್ನೂ ಜೊತೆಗೆ ತರಬೇಕು.

ಸ್ಪೇನಿನ ಬಿಲ್ಬಾವೊ ಊರಿನ ಹೆಸರನ್ನೂ ಯೋಜನೆ ಬರೆಯುವವರು ಎತ್ತುತ್ತಾರೆ. ಅದು ನಮ್ಮ ಸಂಡೂರು, ಹೊಸಪೇಟೆ ಕಡೆಯವರಿಗೆ ಬೇಗ ಅರ್ಥವಾಗುವ ಊರು: ಕಬ್ಬಿಣದ ಅದಿರು ಅಗೆದು ಹಡಗಿಗೆ ತುಂಬಿ ಬೆಳೆದದ್ದು, ಉಕ್ಕು ಮತ್ತು ಹಡಗು ಕಟ್ಟುವ ಕಾರ್ಖಾನೆಗಳು ಬಿದ್ದಾಗ ಬಿದ್ದದ್ದು. 1997ರಲ್ಲಿ ನದಿ ದಂಡೆಯ ಹಳೆಯ ಕಟ್ಟೆಯ ಮೇಲೆ ಗುಗೆನ್‌ಹೈಮ್ ಮ್ಯೂಸಿಯಂ ಎದ್ದಿತು, ಫೋಟೊಗಳಲ್ಲಿ ಎಲ್ಲರೂ ನೋಡುವುದು ಅದನ್ನೇ. ನದಿಗೆ ಬೀಳುವ ಕೊಳೆ ತಡೆಯುವ ಯೋಜನೆ ಅದಕ್ಕಿಂತ ಎಷ್ಟೋ ವರ್ಷ ಮುಂಚೆ ಶುರುವಾಗಿ, ಮ್ಯೂಸಿಯಂಗಿಂತ ಎಷ್ಟೋ ಪಟ್ಟು ದುಡ್ಡು ತಿಂದಿತ್ತು. ಅದರ ಫೋಟೊ ಯಾರೂ ತೆಗೆಯಲಿಲ್ಲ.

ಈಗ ನಮ್ಮ ಓಣಿಗೆ ಬನ್ನಿ. ನಮ್ಮ ಕಡೆ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿಯ ಪೈಪು ಹಾಕಿದ್ದಾರೆ, ಆದರೆ ಮುಂದಿನ ಓಣಿಯಲ್ಲಿ. ಮನೆಯ ಬಚ್ಚಲು, ಪಾಯಖಾನೆ ಇರುವುದು ಹಿತ್ತಲಲ್ಲಿ, ಹಿತ್ತಲು ಓಣಿಗಿಂತ ಮೂರು ಅಡಿ ತಗ್ಗು. ಜೋಡಣೆಗೆ ನಾನು ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟೆ, ಶುಲ್ಕ ಕಟ್ಟಿದೆ, ರಸೀದಿ ಇಟ್ಟುಕೊಂಡಿದ್ದೇನೆ. ಬಂದ ಹುಡುಗ ಒಳ್ಳೆಯವನೇ. ಮುಂದೆ ನೋಡಿದ, ಹಿಂದೆ ನೋಡಿದ, ತಲೆ ಕೆರೆದುಕೊಂಡ. "ಸರ, ನೀರು ಮ್ಯಾಲೆ ಹೆಂಗ ಹತ್ತಬೇಕ್ರಿ?" ಅಂದ. ಅವನ ಪ್ರಶ್ನೆಗೆ 31 ವರ್ಷ ಪಾಠ ಹೇಳಿದ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಅರ್ಜಿ ಅಲ್ಲಿಗೇ ನಿಂತಿತು, ಪೈಪು ಮೊದಲಿನ ಹಾಗೇ ಕೆರೆಗೆ ಬಾಯಿ ಬಿಟ್ಟುಕೊಂಡಿದೆ.

ಅಂದರೆ ನಮ್ಮಂಥ ಮನೆಗಳ ನೀರನ್ನು ಹಿಡಿಯುವ ಪೈಪು ಕೆರೆಯ ಅಂಚಿನಲ್ಲೇ, ಎಲ್ಲ ಹಿತ್ತಲುಗಳಿಗಿಂತ ತಗ್ಗಿನಲ್ಲೇ ಹೋಗಬೇಕು. ನೀವು ವಾಕಿಂಗ್ ಟ್ರ್ಯಾಕಿಗೆ ಅಂತ ನಕ್ಷೆಯಲ್ಲಿ ಕೆಂಪು ಗೆರೆ ಎಳೆಯುವುದು ಸರಿಯಾಗಿ ಆ ಜಾಗದ ಮೇಲೆ. ಟೈಲ್ಸು ಮೊದಲು ಕೂತರೆ ಪೈಪಿಗೆ ಜಾಗ ಇಲ್ಲ. ಅಥವಾ ಟೈಲ್ಸು ಕೂತ ಮರುವರ್ಷ ಜೆಸಿಬಿ ಬಂದು ಅದನ್ನೇ ಅಗೆಯುತ್ತದೆ, ಇದು ನಮ್ಮೂರಿಗೆ ಹೊಸ ದೃಶ್ಯವೇನಲ್ಲ. ಹಾಗಾಗಿ ನನ್ನ ಕೋರಿಕೆ ಒಂದೇ: ಕೆರೆಯ ಸುತ್ತ ಕೊಳೆ ಹಿಡಿಯುವ ಪೈಪು ಮೊದಲು, ಪ್ರತಿ ಹಿತ್ತಲಿನ ಜೋಡಣೆ ಅದರ ಜೊತೆಗೇ, ಅದು ಹೋಗಿ ಸೇರುವ, ಕೊಳೆನೀರು ಶುದ್ಧೀಕರಿಸುವ ಎಸ್‌ಟಿಪಿ ನಿಜವಾಗಿ ಓಡುತ್ತಿದೆಯೇ ಎಂಬ ತಪಾಸಣೆ ಆಮೇಲೆ, ಅದರ ಮೇಲೆ ನಿಮಗೆ ಬೇಕಾದ ಟ್ರ್ಯಾಕು ಹಾಕಿ. ಕಾರಂಜಿಗೆ ನನ್ನದೇನೂ ತಕರಾರಿಲ್ಲ. ಆದರೆ ಈಗಿನ ನೀರನ್ನೇ ಕಾರಂಜಿ ಚಿಮ್ಮಿಸಿದರೆ ಅದರ ತುಂತುರು ಯಾರ ಮಕ್ಕಳ ಮುಖಕ್ಕೆ ಬೀಳುತ್ತದೆ ಅಂತ ಯೋಚಿಸಿ. 2022ರಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಬಿಟ್ಟ ಊರು ನಮ್ಮದು.

ಅಂತರಗಂಗೆ ತೆಗೆಸುವ ಕೆಲಸವೂ ಹಾಗೇ. ಜನ ಸೇರಿ ಸೊಂಟದಷ್ಟು ಕೆಸರಲ್ಲಿ ನಿಂತು ಕಿತ್ತು ದಂಡೆಗೆ ಹಾಕುತ್ತಾರೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಆ ಗಿಡಕ್ಕೆ ಊಟ ನಮ್ಮ ಪಾಯಖಾನೆ ಮತ್ತು ಸೋಪಿನ ನೀರು. ಊಟ ಸಿಗುತ್ತಿದ್ದರೆ ಸುಮಾರು ಎರಡು ವಾರಕ್ಕೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಲೆಕ್ಕ ಮಾಡಲು ಮೇಷ್ಟ್ರೇ ಬೇಕಿಲ್ಲ.

ಒಂದು ಎಚ್ಚರಿಕೆಯನ್ನು ಇಂಜಿನಿಯರರಿಗೆ ಬೇರೆಯಾಗಿ ಹೇಳಬೇಕು. ಕೊಳೆ ತಡೆಯುತ್ತೇವೆ ಅಂತ ಸುತ್ತ ಕಾಂಕ್ರೀಟ್ ನಾಲಾ ಕಟ್ಟಿ ಮಳೆ ನೀರನ್ನೂ ಅದರಲ್ಲೇ ಹೊರಗೆ ಕಳಿಸಿಬಿಟ್ಟರೆ ಕೆರೆಗೆ ಏನುಳಿಯುತ್ತದೆ? ನಮ್ಮಲ್ಲಿ ಬೀಳುವುದೇ ವರ್ಷಕ್ಕೆ 600–700 ಮಿಲಿಮೀಟರ್. ಕೋಟೆ ಗುಡ್ಡದ ಬಂಡೆ ಮೇಲೆ ಬಿದ್ದ ಮಳೆ ಕೆರೆಗೆ ಇಳಿಯಲೇಬೇಕು. ಕೊಳೆಗೆ ಒಂದು ದಾರಿ, ಮಳೆಗೆ ಒಂದು ದಾರಿ. ಅಹಮದಾಬಾದಿನಲ್ಲಿ ಸಾಬರಮತಿಯ ಎರಡೂ ದಂಡೆ ಕಟ್ಟಿ, 2012ರಲ್ಲಿ ಜನರಿಗೆ ಬಿಟ್ಟು, ನದಿಯನ್ನು ತುಂಬಿದಂತೆ ತೋರಿಸಲು ನರ್ಮದಾ ಕಾಲುವೆಯ ನೀರು ಬಿಡಬೇಕಾಯಿತು. ನಮಗೆ ಬೇಸಿಗೆಯಲ್ಲಿ ಬಿಡಲು ಯಾವ ನರ್ಮದೆ ಇದೆ? ನಮ್ಮ ಕಡೆಯ ಕಾಲುವೆಯ ಕೊನೆ ಭಾಗದ ರೈತರನ್ನು ಕೇಳಿ ನೋಡಿ, ಹೇಳುತ್ತಾರೆ.

ಅದೇ ಸಾಬರಮತಿ ದಂಡೆಯಿಂದ ಹತ್ತು ಸಾವಿರಕ್ಕೂ ಹೆಚ್ಚು ಬಡ ಕುಟುಂಬಗಳು ಜಾಗ ಖಾಲಿ ಮಾಡಿದವು, ಬಹಳ ಮಂದಿ ದುಡಿಮೆಯ ಜಾಗದಿಂದ ಎಷ್ಟೋ ಮೈಲು ದೂರ ಹೋಗಿ ಬಿದ್ದರು. ಇಲ್ಲಿಯೂ ಸರ್ವೆ ಆಗುತ್ತದೆ, ಒತ್ತುವರಿ ಅಂತ ಗುರುತು ಹಾಕುತ್ತಾರೆ. ಹಾಕಲಿ. ಕೆರೆಯ ಜಾಗ ಕೆರೆಗೆ ಬರಬೇಕು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ, ನನ್ನ ಹಿತ್ತಲ ಗೋಡೆ ಗೆರೆ ದಾಟಿದ್ದರೆ ಅದನ್ನೂ ಒಡೆಯಿರಿ. ಆದರೆ ಗುರುತು ಹಾಕುವ ಬಣ್ಣದ ಡಬ್ಬಿ ತಗಡಿನ ಮನೆಗಳ ಮುಂದೆ ಮಾತ್ರ ತೆರೆದುಕೊಂಡು, ಆರ್‌ಸಿಸಿ ಕಟ್ಟಡಗಳ ಮುಂದೆ ಒಣಗಿಹೋಗಬಾರದು. ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಸುವವರು, ಮಿರ್ಚಿ-ಮಂಡಕ್ಕಿ ಬಂಡಿಯವರು ಇವರೆಲ್ಲ ನಿಮ್ಮ ವಿವರವಾದ ಯೋಜನಾ ವರದಿ ಅನ್ನುವ ಡಿಪಿಆರ್‌ನಲ್ಲಿ ಎಲ್ಲಿದ್ದಾರೆ? ಅವರನ್ನು ಕರೆದು ಕೂರಿಸಿ ಕೇಳುವ ಸಭೆ ಡಿಪಿಆರ್ ಬರೆಯುವ ಮೊದಲು ಆಗಲಿ, ಶಂಕುಸ್ಥಾಪನೆಯ ಶಾಮಿಯಾನದ ಕೆಳಗಲ್ಲ.

ಜನ ಕೈಗೂಡಿಸುವುದಿಲ್ಲ ಎಂದು ಮಾತ್ರ ಹೇಳಬೇಡಿ. 2019ರಲ್ಲಿ ಪಕ್ಕದ ಕೊಪ್ಪಳದಲ್ಲಿ ಗವಿಮಠದ ಸ್ವಾಮಿಗಳು ಮುಂದೆ ನಿಂತರು, ಜನ ಹಿಂದೆ ನಿಂತರು, ಜಾಲಿ, ಜೊಂಡು, ಹೂಳು ತುಂಬಿದ್ದ ಹಿರೇಹಳ್ಳವನ್ನು ಕಿಲೋಮೀಟರುಗಟ್ಟಲೆ ಬಿಡಿಸಿದರು. ಅಲ್ಲಿ ಮೊದಲು ನಡೆದದ್ದು ಹಳ್ಳದೊಳಗಿನ ಕೆಲಸ.

ಇನ್ನೊಂದು ನೆರಳಿನ ಮಾತು. ನಕ್ಷೆ ಬರೆಯುವವರು ಬೆಂಗಳೂರಿನ ಎಸಿ ಕೋಣೆಯಲ್ಲಿ ಕೂತು ಬರೆಯುತ್ತಾರೆ, ಚಿತ್ರದಲ್ಲಿ ಮಧ್ಯಾಹ್ನದ ಹೊತ್ತು ಜನ ಗ್ರಾನೈಟ್ ಬೆಂಚಿನ ಮೇಲೆ ನಗುತ್ತ ಕೂತಿರುತ್ತಾರೆ. ಏಪ್ರಿಲ್ ತಿಂಗಳು ಆ ಬೆಂಚಿನ ಮೇಲೆ ಅವರನ್ನೇ ಒಮ್ಮೆ ಕೂರಿಸಿ ಸ್ವಾಮಿ. 42 ಡಿಗ್ರಿಯಲ್ಲಿ ಕಾದ ಕಲ್ಲು ರಾತ್ರಿ ಎಂಟಕ್ಕೂ ಆರುವುದಿಲ್ಲ. ಬೇವು, ಹೊಂಗೆ, ಹುಣಸೆ ನೆಡಿ, ಟ್ರ್ಯಾಕು ಬರುವ ಮೂರು ವರ್ಷ ಮುಂಚೆಯೇ ನೆಡಿ. ಮಾವಿನಕೆರೆ ಅಂತ ಹೆಸರಿಟ್ಟುಕೊಂಡ ಕೆರೆಯ ದಂಡೆಯಲ್ಲಿ ನನ್ನ ಕಣ್ಣಿಗೆ ಒಂದು ಮಾವಿನ ಮರ ಬಿದ್ದಿಲ್ಲ, ನಾಲ್ಕು ಅದನ್ನೂ ಹಾಕಿ.

ನಮ್ಮ ಕೋಟೆ ಗೋಡೆಯಲ್ಲಿ 1294ರ ಶಾಸನ ಹೊತ್ತ, 41 ಅಡಿ ಉದ್ದದ ಕಲ್ಲಿದೆ. ಪಕ್ಕದಲ್ಲೇ ಆ ಕಲ್ಲನ್ನು ತಂದ ಬಗೆಯನ್ನೂ ಕೆತ್ತಿದ್ದಾರೆ: ಬಂಡಿ, ಅದನ್ನೆಳೆಯುವ ಕೋಣಗಳ ಉದ್ದ ಸಾಲು, ಹಿಂದಿನಿಂದ ಚಕ್ರಕ್ಕೆ ಮೀಟುಗೋಲು ಕೊಡುವ ಜನ. ಕಟ್ಟಿಸಿದ ಗೋರೆ ಗಂಗಯ್ಯ ರೆಡ್ಡಿಯ ಜೊತೆಗೆ ಎಳೆದವರಿಗೂ ನೂಕಿದವರಿಗೂ ಗೋಡೆಯ ಮೇಲೆ ಜಾಗ ಸಿಕ್ಕಿದೆ. ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋದಾಗಲೆಲ್ಲ ಅಲ್ಲೇ ಹೆಚ್ಚು ಹೊತ್ತು ನಿಲ್ಲಿಸುತ್ತಿದ್ದೆ. ನಮ್ಮಪ್ಪ ಮಾತ್ರ ಒಮ್ಮೆ ನನ್ನ ಜೊತೆ ಬಂದವ ಕೆತ್ತನೆ ದಿಟ್ಟಿಸಿ ನೋಡಿ, "ಇಷ್ಟು ಕೋಣಕ್ಕ ಇಷ್ಟೇ ಮಂದಿ ಸಾಲಂಗಿಲ್ಲ, ತಪ್ಪು ಕೆತ್ತ್ಯಾರ" ಅಂದಿದ್ದ.

ನೆರೆಹೊರೆಯವರೇ, ನಿಮಗೂ ಒಂದು ಮಾತು. ಸರ್ಕಾರ ಬಯ್ಯುವುದು ಸುಲಭ, ಈ ಪತ್ರದ ಅರ್ಧ ನಾನೂ ಅದನ್ನೇ ಮಾಡಿದ್ದೇನೆ. ಪೈಪು ಬಂದ ದಿನ "ನಮ್ಮ ಹಿತ್ತಲು ಅಗೆಯಬೇಡಿ, ತುಳಸಿಕಟ್ಟೆ ಐತಿ" ಅಂತ ಅಡ್ಡ ನಿಲ್ಲುವವರೂ ನಾವೇ ಆಗಿರುತ್ತೇವೆ. ನಮ್ಮ ಹಿತ್ತಲಲ್ಲೂ ತುಳಸಿಕಟ್ಟೆ ಇದೆ, ಪೈಪಿನ ದಾರಿಯಲ್ಲೇ ಇದೆ. ಹೆಂಡತಿಯ ಹತ್ತಿರ ಮಾತಾಡಿದ್ದೇನೆ, ಎರಡು ಗಜ ಆಚೆ ಕಟ್ಟಿಸಿಕೊಡುವುದಾದರೆ ಆಗಲಿ ಅಂದಿದ್ದಾಳೆ.

ಸರ್ವೆಗೆ ಬರುವವರು ಬೆಳಿಗ್ಗೆ ಏಳರೊಳಗೆ ಬನ್ನಿ, ಆಮೇಲೆ ಬಿಸಿಲು. ದಂಡೆಯ ಮೇಲಿಂದ ನೋಡಿದರೆ ಹಸಿರು ಬಣ್ಣದ ಹಿತ್ತಲ ಬಾಗಿಲು ಕಾಣುತ್ತದೆ, ಅದರ ಎಡಕ್ಕೆ ನಾಲ್ಕಿಂಚಿನ ಪೈಪು. ನಕ್ಷೆಯಲ್ಲಿ ಅದಕ್ಕೆ ಒಂದನೇ ನಂಬರ್ ಹಾಕಿಕೊಳ್ಳಿ. ಚಹಾ ಇಟ್ಟಿರುತ್ತೇನೆ.

ಇಂತಿ,
ಮಾವಿನಕೆರೆ ಅಂಚಿನ ಓಣಿಯ ಒಬ್ಬ ನಿವೃತ್ತ ಮೇಷ್ಟ್ರು
ರಾಯಚೂರು